ಹೊಲಿಗೆ ಹಾಕೋದು ಸರ್ಕಾರ, ಬಿಚ್ಚಿಸೋ ಖರ್ಚು ಯಾರದ್ದು?

ಹೊಲಿಗೆ ಹಾಕಿಸಿಕೊಳ್ಳೋದು ಒಂದು ದಿನದ ಕೂಲಿ, ಬಿಚ್ಚಿಸಿಕೊಳ್ಳೋದು ಇನ್ನೊಂದು ದಿನದ ಕೂಲಿ. ಕಿಗ್ಗದ ಸುತ್ತಮುತ್ತ ತೋಟದ ಕೆಲಸ ಮಾಡುವ ಯಾರನ್ನು ಕೇಳಿದರೂ ಈ ಲೆಕ್ಕ ಬಾಯಲ್ಲೇ ಇರುತ್ತೆ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಬೆರಳು ಸೀಳಿದ್ದಿರಬಹುದು, ಕಳೆ ಹೊಡೆಯೋ ಯಂತ್ರದ ಬ್ಲೇಡು ಕಲ್ಲಿಗೆ ತಾಗಿ ಚೂರು ಮೊಣಕಾಲಿಗೆ ಬಂದಿದ್ದಿರಬಹುದು, ಸಿಸೇರಿಯನ್ ಹೆರಿಗೆ ಆಗಿದ್ದಿರಬಹುದು. ಹೊಲಿಗೆ ಬೀಳುವ ದಿನ ಊರೆಲ್ಲ ಜೊತೆಗಿರುತ್ತೆ. ಯಾರದ್ದೋ ಜೀಪು ಸಿಗುತ್ತೆ, ತೋಟದ ಯಜಮಾನರೇ ದುಡ್ಡು ಕೊಟ್ಟು ಕಳಿಸ್ತಾರೆ. ಹತ್ತು ದಿನ ಆದ ಮೇಲೆ ಅದನ್ನು ಬಿಚ್ಚಿಸಲು ಹೋಗುವಾಗ ಮಾತ್ರ ರಸ್ತೆ ಬದಿಯಲ್ಲಿ ಒಬ್ಬರೇ ಬಸ್ಸಿಗೆ ಕಾಯಬೇಕು.

ಸಣ್ಣ ವಿಷಯ ಅನ್ನಿಸುತ್ತೆ. ಸಣ್ಣ ವಿಷಯವಾದ್ದರಿಂದಲೇ ಇದರ ಬಗ್ಗೆ ಯಾರೂ ಬರೆಯಲ್ಲ, ವಿಧಾನಸಭೆಯಲ್ಲಿ ಯಾರೂ ಕೇಳಲ್ಲ. ಆದರೆ ಶಸ್ತ್ರಚಿಕಿತ್ಸೆಯ ದಾರ ವಿನ್ಯಾಸ ಮಾಡುವವರಿಗೆ ನೂರಾರು ವರ್ಷದಿಂದ ತಲೆನೋವಾಗಿರೋದು ಇದೇ ಪ್ರಶ್ನೆ: ಗಟ್ಟಿಯಾಗಿ ಹಿಡಿದಿರಬೇಕು, ಬೇಡವಾದಾಗ ಸುಲಭವಾಗಿ ಬಿಟ್ಟುಬಿಡಬೇಕು. ಎರಡೂ ಗುಣ ಒಂದೇ ದಾರದಲ್ಲಿ ಹೇಗೆ? ಪ್ರಯೋಗಾಲಯಗಳು ಇದಕ್ಕೆ ಒಂದಲ್ಲ, ಹಲವು ಉತ್ತರ ಕೊಟ್ಟಿವೆ. ಯಾವ ಉತ್ತರ ಯಾರ ಮೈಮೇಲೆ ಬಳಕೆಯಾಗುತ್ತೆ ಅನ್ನೋದನ್ನು ಮಾತ್ರ ಪ್ರಯೋಗಾಲಯ ತೀರ್ಮಾನ ಮಾಡಲ್ಲ. ಅದನ್ನು ತೀರ್ಮಾನ ಮಾಡೋದು ಟೆಂಡರ್, ಸ್ಟಾಕ್ ರಿಜಿಸ್ಟರ್ ಮತ್ತು ಬಸ್ಸಿನ ವೇಳಾಪಟ್ಟಿ. ಆದ್ದರಿಂದ ಇದು ರಾಜಕೀಯದ ಪ್ರಶ್ನೆಯೂ ಹೌದು ಅಂತ ನನ್ನ ವಾದ.

ಮೊದಲು ಗಾಯದ ಕಡೆಯಿಂದ ನೋಡೋಣ. ಚರ್ಮ ಕೊಯ್ದಾಗ ದೇಹ ತಾನೇ ಅದನ್ನು ಬೆಸೆಯುತ್ತೆ, ದಾರ ಬರೀ ಅಂಚುಗಳನ್ನು ಹತ್ತಿರ ಹಿಡಿದಿರುತ್ತೆ. ಆದರೆ ಬೆಸುಗೆ ನಾವು ಅಂದುಕೊಂಡಷ್ಟು ಬೇಗ ಆಗಲ್ಲ. ವೈದ್ಯಕೀಯ ಪಠ್ಯಗಳಲ್ಲಿ ಹೇಳಿಕೊಡುವ ಲೆಕ್ಕದ ಪ್ರಕಾರ ಮೊದಲ ವಾರದ ಕೊನೆಗೆ ಗಾಯದ ಬಲ ಮೂಲ ಚರ್ಮದ ಬಲದ ಶೇಕಡಾ 5ನ್ನು ದಾಟಿದರೆ ಹೆಚ್ಚು. ಮೂರು ವಾರಕ್ಕೆ ಸುಮಾರು ಶೇಕಡಾ 20, ಮೂರು ತಿಂಗಳಿಗೆ ಸುಮಾರು ಶೇಕಡಾ 80. ಪೂರ್ತಿ ನೂರು ಯಾವತ್ತೂ ಬರಲ್ಲ. ಅಂದರೆ ಹೊಲಿಗೆ ಬಿಚ್ಚುವ ದಿನ ಗಾಯ ಹೊರಗಿಂದ ಒಣಗಿದಂತೆ ಕಂಡರೂ ಒಳಗೆ ಇನ್ನೂ ಹಸಿಯೇ.

ಹಾಗಂತ ದಾರವನ್ನು ಹಾಗೇ ಬಿಟ್ಟುಬಿಡೋಣ ಅಂದರೆ ಅದೂ ಆಗಲ್ಲ. ದಾರ ಒಳಹೋದ ತೂತಿನ ಗುಂಟ ಚರ್ಮ ಬೆಳೆಯೋಕೆ ಶುರುವಾಗುತ್ತೆ. ಬ್ಯಾಕ್ಟೀರಿಯಾಗಳಿಗೆ ಅದೇ ಒಳದಾರಿ. ತಡವಾಗಿ ಬಿಚ್ಚಿದರೆ ಗಾಯದ ಎರಡೂ ಕಡೆ ಏಣಿಯ ಮೆಟ್ಟಿಲಿನಂತೆ ಗುರುತು ಉಳಿಯುತ್ತೆ. ಅದಕ್ಕೇ ಒಂದೊಂದು ಜಾಗಕ್ಕೆ ಒಂದೊಂದು ಗಡುವು: ಮುಖಕ್ಕೆ ಮೂರರಿಂದ ಐದು ದಿನ, ತಲೆಗೆ ವಾರದಿಂದ ಹತ್ತು ದಿನ, ಕೈಕಾಲಿಗೆ ಹತ್ತರಿಂದ ಹದಿನಾಲ್ಕು ದಿನ. ಕಾಲಿನ ಗಾಯ ಅಂದರೆ ಎರಡು ವಾರ. ಜುಲೈ ತಿಂಗಳಲ್ಲಿ ಕಿಗ್ಗದಂಥ ಊರಲ್ಲಿ ಎರಡು ವಾರ ಕಾಲು ಒದ್ದೆಯಾಗದಂತೆ ಇಟ್ಟುಕೊಳ್ಳಿ ಅಂತ ಚೀಟಿಯಲ್ಲಿ ಬರೆಯುವವರಿಗೆ ಆ ಊರಿನ ಮಳೆ ಗೊತ್ತಿದೆಯಾ ಅಂತ ಅನುಮಾನ ಬರುತ್ತೆ. ಕೊಟ್ಟಿಗೆಗೆ ಹೋಗೋದಕ್ಕೂ ಮಳೆ, ಬಚ್ಚಲಿಗೆ ಹೋಗೋದಕ್ಕೂ ಮಳೆ, ತೋಟದಲ್ಲಿ ಉಂಬಳ. ಈ ಮಳೆಯಲ್ಲಿ ಬಿಚ್ಚಬೇಕಾದ ಹೊಲಿಗೆಯ ಗಡುವು ನಾಲ್ಕು ದಿನ ಮುಂದೆ ಹೋಗೋದು ನಿರ್ಲಕ್ಷ್ಯದಿಂದಲ್ಲ. ಹೋಗೋಕೆ ಆಗದೇ ಇರೋದರಿಂದ.

ಇನ್ನು ದಾರದ ಕಡೆಯಿಂದ ನೋಡೋಣ, ಯಾಕಂದರೆ ಇಲ್ಲಿ ನಿಜಕ್ಕೂ ಸ್ವಾರಸ್ಯ ಇದೆ.

ಹೊಲಿಗೆಯಲ್ಲಿ ಸೋಲೋ ಜಾಗ ಸಾಮಾನ್ಯವಾಗಿ ಗಂಟು. ನೈಲಾನ್, ಪಾಲಿಪ್ರೊಪಿಲಿನ್‌ನಂಥ ಒಂಟಿ ಎಳೆಯ ದಾರ ನುಣುಪಾಗಿರುತ್ತೆ. ಚರ್ಮದಿಂದ ಎಳೆದಾಗ ಸಲೀಸಾಗಿ ಬರುತ್ತೆ, ಅದು ಒಳ್ಳೆಯದು. ಆದರೆ ಅದೇ ನುಣುಪಿನಿಂದ ಗಂಟು ಜಾರುತ್ತೆ. ಅದಕ್ಕೆ ತನ್ನ ಹಳೇ ಆಕಾರಕ್ಕೆ ಮರಳುವ ಚಾಳಿಯೂ ಇದೆ, ಹೊಸ ಪ್ಲಾಸ್ಟಿಕ್ ಹಗ್ಗದ ಹಾಗೆ. ಆದ್ದರಿಂದ ಸರ್ಜನ್‌ಗಳು ಸುತ್ತಿನ ಮೇಲೆ ಸುತ್ತು ಹಾಕ್ತಾರೆ. ರೇಷ್ಮೆ ದಾರದ ಗಂಟು ಚೆನ್ನಾಗಿ ಕೂರುತ್ತೆ, ಆದರೆ ಹೆಣೆದ ದಾರವಾದ್ದರಿಂದ ಎಳೆಗಳ ನಡುವೆ ದ್ರವವನ್ನೂ ಸೋಂಕನ್ನೂ ದೀಪದ ಬತ್ತಿ ಎಣ್ಣೆ ಹೀರಿದಂತೆ ಹೀರಿಕೊಳ್ಳುತ್ತೆ. ಒಂದರಲ್ಲಿ ಹಿಡಿತ ಕಡಿಮೆ, ಇನ್ನೊಂದರಲ್ಲಿ ಬಿಡುವಿಕೆ ಕಷ್ಟ.

ಸರ್ಜನ್‌ಗಳ ಕೈ ಮಾಡುವ ಈ ಕೆಲಸದ ಭೌತಶಾಸ್ತ್ರ ಈಚಿನವರೆಗೂ ಸರಿಯಾಗಿ ಗೊತ್ತಿರಲಿಲ್ಲ ಅಂದರೆ ನಂಬ್ತೀರಾ? ಸ್ವಿಟ್ಜರ್ಲೆಂಡಿನ ಇಪಿಎಫ್‌ಎಲ್ ಸಂಸ್ಥೆಯ ಪೆಡ್ರೊ ರೇಸ್ ಅವರ ತಂಡ ಒಬ್ಬ ಅನುಭವಿ ಸರ್ಜನ್ ಜೊತೆ ಸೇರಿ ಪಾಲಿಪ್ರೊಪಿಲಿನ್ ಗಂಟುಗಳನ್ನು ಅಳೆದು 2023ರಲ್ಲಿ 'ಸೈನ್ಸ್ ಅಡ್ವಾನ್ಸಸ್'ನಲ್ಲಿ ಪ್ರಕಟಿಸಿತು. ಬರೀ ಘರ್ಷಣೆಯಿಂದ ಗಂಟು ನಿಲ್ಲಲ್ಲ. ಕಟ್ಟುವಾಗ ಎಷ್ಟು ಎಳೆದಿದ್ದೀರಿ, ಆ ಎಳೆತಕ್ಕೆ ದಾರ ತನ್ನ ಆಕಾರ ಶಾಶ್ವತವಾಗಿ ಬದಲಿಸಿಕೊಂಡಿತಾ ಅನ್ನೋದೂ ಮುಖ್ಯ. ಕಡಿಮೆ ಎಳೆದರೆ ಬಿಚ್ಚಿಹೋಗುತ್ತೆ, ಹೆಚ್ಚು ಎಳೆದರೆ ತುಂಡಾಗುತ್ತೆ. ಅನುಭವಿ ಕೈಗೆ ನಡುವಿನ ಜಾಗ ಗೊತ್ತಿರುತ್ತೆ.

ಗಟ್ಟಿಯಾಗಿ ಹಿಡಿದು ಸುಲಭವಾಗಿ ಬಿಡುವ ಗಂಟು ಮಲೆನಾಡಿಗೆ ಹೊಸದೇನಲ್ಲ. ಕೊಟ್ಟಿಗೆಯಲ್ಲಿ ದನ ಕಟ್ಟೋದನ್ನು ನೋಡಿ. ದನ ಎಳೆದಷ್ಟೂ ಹಗ್ಗ ಬಿಗಿಯಾಗುತ್ತೆ. ಮನುಷ್ಯ ಹಗ್ಗದ ಇನ್ನೊಂದು ತುದಿ ಹಿಡಿದು ಒಂದು ಸಲ ಎಳೆದರೆ ಸಾಕು, ಬಿಚ್ಚಿಕೊಳ್ಳುತ್ತೆ. ಕಣ್ಣಿನ ಸರ್ಜನ್‌ಗಳು ಮಾಡೋದೂ ಹೆಚ್ಚು ಕಡಿಮೆ ಇದನ್ನೇ. ಗ್ಲಾಕೋಮಾಗೆ ಮಾಡುವ ಟ್ರಾಬೆಕ್ಯುಲೆಕ್ಟಮಿ ಅನ್ನೋ ಆಪರೇಷನ್ನಿನಲ್ಲಿ ಕಣ್ಣಿನೊಳಗಿನ ನೀರು ಹೊರಹೋಗಲು ಒಂದು ಚಿಕ್ಕ ಬಾಗಿಲು ಮಾಡ್ತಾರೆ. ಮೊದಲ ದಿನಗಳಲ್ಲಿ ಅದು ಬಿಗಿಯಾಗಿ ಮುಚ್ಚಿರಬೇಕು, ಆಮೇಲೆ ಸ್ವಲ್ಪ ಸಡಿಲವಾಗಬೇಕು. ಅದಕ್ಕೆ ಅವರು ಹಾಕೋ ದಾರದ ತುದಿ ಹೊರಗೆ ಸಿಗುವಂತೆ ಇರುತ್ತೆ. ಕೆಲವು ದಿನದ ನಂತರ ಒಪಿಡಿಯಲ್ಲೇ ಚಿಮುಟದಿಂದ ಎಳೆದರೆ ಗಂಟು ಜಾರುತ್ತೆ, ಮತ್ತೆ ಆಪರೇಷನ್ ಥಿಯೇಟರ್ ಬೇಡ. ಮಾಲುಗಣ್ಣಿನ ಆಪರೇಷನ್ನಿನಲ್ಲೂ ರೋಗಿ ಎಚ್ಚರವಾದ ಮೇಲೆ ಕಣ್ಣಿನ ನೇರ ನೋಡಿ ಬಿಗಿ ಅಥವಾ ಸಡಿಲ ಮಾಡುವ ಹೊಲಿಗೆ ಇದೆ. ಬಿಡುಗಡೆಯನ್ನೂ ಹೊಲಿಗೆಯಲ್ಲೇ ಯೋಜಿಸಬಹುದು ಅಂತ ವೈದ್ಯಶಾಸ್ತ್ರಕ್ಕೆ ಚೆನ್ನಾಗಿ ಗೊತ್ತು. ಎಲ್ಲಿ ಬೇಕು ಅನ್ನಿಸಿತೋ ಅಲ್ಲಿ ಮಾಡಿದ್ದಾರೆ.

ಇದರ ಉಲ್ಟಾ ಉದಾಹರಣೆ ಮುಳ್ಳಿನ ದಾರ. ದಾರದ ಮೈಮೇಲೆ ಒಂದೇ ದಿಕ್ಕಿಗೆ ಬಾಗಿದ ಸೂಕ್ಷ್ಮ ಮುಳ್ಳುಗಳು, ನಮ್ಮ ಕಾಡಿನ ಬೆತ್ತದ ಹಾಗೆ. ಒಳಗೆ ಹೋಗುತ್ತೆ, ಹಿಂದಕ್ಕೆ ಬರಲ್ಲ, ಗಂಟೇ ಬೇಡ. 2004ರಲ್ಲಿ ಅಮೆರಿಕದ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟಿತು. ಹಿಡಿತ ಭದ್ರ. ಆದರೆ ಸಮಸ್ಯೆ ಆಗಿ ತೆಗೆಯಬೇಕಾಗಿ ಬಂದರೆ ಬೆತ್ತದ ಮೆಳೆಯಲ್ಲಿ ಸಿಕ್ಕಿಕೊಂಡ ಪಂಚೆಯ ಕಥೆಯೇ.

ಹಾಗಾದರೆ ತಾನಾಗೇ ಕರಗುವ ದಾರ? ಬಿಚ್ಚೋ ಪ್ರಶ್ನೆಯೇ ಇಲ್ಲದಂತೆ ಮಾಡುವ ಉಪಾಯ ಇದು. ಸುಶ್ರುತ ಸಂಹಿತೆಯಲ್ಲಿ ಹರಿದ ಕರುಳಿನ ಅಂಚುಗಳನ್ನು ದೊಡ್ಡ ಕಪ್ಪು ಇರುವೆಗಳಿಂದ ಕಚ್ಚಿಸಿ, ದೇಹ ಕತ್ತರಿಸಿ ತಲೆ ಮಾತ್ರ ಉಳಿಸುವ ವಿಧಾನದ ವಿವರ ಇದೆ. ಕಚ್ಚಿದ ದವಡೆ ಹಿಡಿದಿರುತ್ತೆ, ಹೊಟ್ಟೆ ಮುಚ್ಚಿದ ಮೇಲೆ ಅದನ್ನು ತೆಗೆಯೋಕೆ ಮತ್ತೆ ತೆರೆಯಬೇಕಿಲ್ಲ. (ಇದನ್ನು ಹೇಳಿದ ತಕ್ಷಣ ಎಲ್ಲವೂ ನಮ್ಮಲ್ಲೇ ಇತ್ತು ಅಂತ ಎದೆ ಉಬ್ಬಿಸುವವರು ಬರ್ತಾರೆ. ಇತ್ತು, ಸರಿ. ಈಗ ತಾಲ್ಲೂಕು ಆಸ್ಪತ್ರೆಯ ಕಪಾಟಿನಲ್ಲಿ ಏನಿದೆ ಅಂತ ಕೇಳೋಣ.) ಆಮೇಲೆ ಬಂದಿದ್ದು ಕ್ಯಾಟ್‌ಗಟ್. ಹೆಸರಲ್ಲಿ ಬೆಕ್ಕಿದ್ದರೂ ಮಾಡೋದು ಕುರಿ ಅಥವಾ ದನದ ಕರುಳಿನಿಂದ. 1860ರ ದಶಕದ ಕೊನೆಗೆ ಜೋಸೆಫ್ ಲಿಸ್ಟರ್ ಅದನ್ನು ಕಾರ್ಬಾಲಿಕ್ ಆಮ್ಲದಲ್ಲಿ ನೆನೆಸಿ ಬಳಸಿದರು. ಅದನ್ನು ದೇಹದ ಕಿಣ್ವಗಳು ತಿಂದುಹಾಕುತ್ತವೆ, ಆದರೆ ಯಾವಾಗ ತಿಂದು ಮುಗಿಸುತ್ತವೆ ಅಂತ ಭರವಸೆಯಿಲ್ಲ. ಸೋಂಕು ಇರುವ ಗಾಯದಲ್ಲಿ ಇನ್ನೂ ಬೇಗ ಕರಗುತ್ತೆ. ಅಂದರೆ ಅತಿ ಹೆಚ್ಚು ಬೇಕಾದ ಹೊತ್ತಲ್ಲೇ ಕೈಕೊಡುತ್ತೆ. ಹುಚ್ಚುದನ ರೋಗದ ಭೀತಿಯಲ್ಲಿ ಬ್ರಿಟನ್ನಿನಲ್ಲಿ 2001ರ ಹೊತ್ತಿಗೆ ಅದು ಬಳಕೆಯಿಂದಲೇ ಹೋಯಿತು.

1970ರ ದಶಕದಲ್ಲಿ ಬಂದ ಕೃತಕ ದಾರಗಳು ಆಟವನ್ನೇ ಬದಲಿಸಿದವು. ಪಾಲಿಗ್ಲಾಕ್ಟಿನ್‌ನಂಥ ದಾರವನ್ನು ಕಿಣ್ವ ಒಡೆಯಲ್ಲ, ನೀರು ಒಡೆಯುತ್ತೆ. ನೀರು ಎಲ್ಲರ ದೇಹದಲ್ಲೂ ಇದೆ, ಹಾಗಾಗಿ ವೇಳೆ ಮೊದಲೇ ಅಂದಾಜು ಮಾಡಬಹುದು. ಸಾಮಾನ್ಯ ಪಾಲಿಗ್ಲಾಕ್ಟಿನ್ ದಾರ ಎರಡು ವಾರಕ್ಕೆ ತನ್ನ ಬಲದ ಶೇಕಡಾ 75ರಷ್ಟು, ಮೂರು ವಾರಕ್ಕೆ ಶೇಕಡಾ 50ರಷ್ಟು ಉಳಿಸಿಕೊಂಡಿರುತ್ತೆ. 56ರಿಂದ 70 ದಿನದೊಳಗೆ ಪೂರ್ತಿ ಮಾಯ. ಅದನ್ನೇ ಬೇಗ ಕರಗುವಂತೆ ಮಾಡಿದ ಇನ್ನೊಂದು ನಮೂನೆ ಐದು ದಿನಕ್ಕೆ ಅರ್ಧ ಬಲ ಕಳೆದುಕೊಂಡು ಎರಡು ವಾರದೊಳಗೆ ಹಿಡಿತವನ್ನೇ ಬಿಡುತ್ತೆ, ಸುಮಾರು 42 ದಿನಕ್ಕೆ ಕರಗಿ ಹೋಗುತ್ತೆ. ಮೇಲೆ ಹೇಳಿದ ಚರ್ಮದ ಗಡುವಿಗೂ ಈ ಲೆಕ್ಕಕ್ಕೂ ಎಷ್ಟು ಹತ್ತಿರ ಅಂತ ಗಮನಿಸಿ.

ಇದರ ಲಾಭ ಯಾರಿಗೆ ಅಂತ ತೋರಿಸಿದ ಅಧ್ಯಯನ ಒಂದಿದೆ. ಹೆರಿಗೆಯಲ್ಲಿ ಹರಿದ ಅಥವಾ ಕೊಯ್ದ ಜಾಗಕ್ಕೆ ಹಾಕುವ ಹೊಲಿಗೆ ಬಗ್ಗೆ ಕ್ರಿಸ್ಟೀನ್ ಕೆಟಲ್ ಮತ್ತು ಸಂಗಡಿಗರು ಇಂಗ್ಲೆಂಡಿನಲ್ಲಿ 1542 ಮಹಿಳೆಯರ ಮೇಲೆ ನಡೆಸಿ 2002ರಲ್ಲಿ 'ಲ್ಯಾನ್ಸೆಟ್'ನಲ್ಲಿ ಪ್ರಕಟಿಸಿದ್ದು. ಕೆಟಲ್ ಸ್ವತಃ ಮಿಡ್‌ವೈಫ್. ಬಿಡಿಬಿಡಿ ಹೊಲಿಗೆ ಬದಲು ಒಂದೇ ದಾರದಲ್ಲಿ ಸಡಿಲವಾಗಿ ಉದ್ದಕ್ಕೆ ಹೊಲಿದರೆ ನೋವು ಗಣನೀಯವಾಗಿ ಕಡಿಮೆ. ಬೇಗ ಕರಗುವ ದಾರ ಬಳಸಿದರೆ, ಚುಚ್ಚುತ್ತೆ, ಎಳೆಯುತ್ತೆ ಅಂತ ಮತ್ತೆ ಬಂದು ಹೊಲಿಗೆ ತೆಗೆಸಿಕೊಳ್ಳಬೇಕಾದವರ ಸಂಖ್ಯೆ ಬಹಳ ಇಳಿಯುತ್ತೆ. ಸಾಮಾನ್ಯ ದಾರವೂ ಕರಗುವಂಥದ್ದೇ ಆಗಿತ್ತು. ಬರೀ ಕರಗುವ ವೇಗ ಬದಲಿಸಿದ್ದಕ್ಕೆ ಇಷ್ಟು ವ್ಯತ್ಯಾಸ. ಸರ್ಜನ್‌ಗಳ ಸಮ್ಮೇಳನದಲ್ಲಿ ಬಾಣಂತಿ ಕೂರಲಾಗದೆ ಒದ್ದಾಡುವ ನೋವಿನ ಬಗ್ಗೆ ಎಷ್ಟು ಭಾಷಣ ಆಗಿರಬಹುದು ಅಂತ ಯೋಚಿಸಿ, ಆಗ ಈ ಪ್ರಶ್ನೆ ಮಿಡ್‌ವೈಫ್ ಒಬ್ಬರಿಂದ ಯಾಕೆ ಬಂತು ಅಂತ ಗೊತ್ತಾಗುತ್ತೆ.

ಈಗ ಕರ್ನಾಟಕಕ್ಕೆ ಬರೋಣ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಪ್ರಕಾರ ನಮ್ಮ ರಾಜ್ಯದಲ್ಲಿ ಶೇಕಡಾ 97ರಷ್ಟು ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತೆ, ಅದರ ಬಗ್ಗೆ ಹೆಮ್ಮೆ ಪಡಬಹುದು. ಸಿಸೇರಿಯನ್ ಪ್ರಮಾಣ ಶೇಕಡಾ 31.5. ದೇಶದ ಸರಾಸರಿ 21.5. ಅಂದರೆ ಮೂವರು ತಾಯಂದಿರಲ್ಲಿ ಹೆಚ್ಚು ಕಡಿಮೆ ಒಬ್ಬರ ಹೊಟ್ಟೆಯ ಮೇಲೆ ಹೊಲಿಗೆ. ಇಷ್ಟೊಂದು ಸಿಸೇರಿಯನ್ ಬೇಕಾ ಅನ್ನೋದು ಬೇರೆ ಲೇಖನದ ವಿಷಯ, ಬರೆಯಲೇಬೇಕಾದ್ದು. ನನ್ನ ಪ್ರಶ್ನೆ ಇಷ್ಟೇ: ಚರ್ಮದ ಮೇಲಿನ ಆ ಕೊನೆಯ ಹೊಲಿಗೆಗೆ ನೈಲಾನ್ ಬೀಳುತ್ತಾ, ಸ್ಟೇಪಲ್ ಬೀಳುತ್ತಾ, ಚರ್ಮದೊಳಗೇ ಓಡುವ ಕರಗುವ ದಾರ ಬೀಳುತ್ತಾ? ಇದನ್ನು ತೀರ್ಮಾನಿಸುವಾಗ ಆಕೆಯ ಮನೆ ಎಲ್ಲಿದೆ ಅಂತ ಯಾರಾದರೂ ಕೇಳ್ತಾರಾ? ಬಹಳ ಸಲ ಅಂದು ಯಾವ ಪ್ಯಾಕೆಟ್ ಇದೆಯೋ ಅದೇ ತೀರ್ಮಾನ. ವೈದ್ಯರನ್ನು ದೂರಿ ಪ್ರಯೋಜನವಿಲ್ಲ. ಇಂಡೆಂಟ್ ಕಳಿಸಿ ಕಾಯುತ್ತಾ ಕೂತವರು ಅವರು.

ವಿಪರ್ಯಾಸ ಏನು ಗೊತ್ತಾ? ಶಸ್ತ್ರಚಿಕಿತ್ಸೆಯ ದಾರಕ್ಕೆ ಪ್ರಪಂಚದ ನಕ್ಷೆಯಲ್ಲಿ ಬೆಂಗಳೂರಿಗೆ ದೊಡ್ಡ ಜಾಗ ಇದೆ. 1992ರಲ್ಲಿ ಸೂಚರ್ಸ್ ಇಂಡಿಯಾ ಅನ್ನೋ ಹೆಸರಲ್ಲಿ ಇಲ್ಲಿ ಶುರುವಾದ ಕಂಪನಿ ಈಗ ಹೆಲ್ತಿಯಂ ಮೆಡ್‌ಟೆಕ್. ಪೀಣ್ಯದ ಕಾರ್ಖಾನೆಯಿಂದ ಹೊರಟ ದಾರ ಎಷ್ಟೋ ದೇಶಗಳ ಆಪರೇಷನ್ ಥಿಯೇಟರಿಗೆ ಹೋಗುತ್ತೆ. 2018ರಲ್ಲಿ ಇದನ್ನು ಏಪಾಕ್ಸ್ ಅನ್ನೋ ವಿದೇಶಿ ಹೂಡಿಕೆ ಸಂಸ್ಥೆ ಕೊಂಡಿತು, 2024ರಲ್ಲಿ ಅವರಿಂದ ಅಮೆರಿಕದ ಕೆಕೆಆರ್ ಕೊಂಡಿತು. ದಾರ ಮಾರುವ ವ್ಯವಹಾರ ಇಷ್ಟು ಆಕರ್ಷಕ. ತಪ್ಪೇನಿಲ್ಲ, ಒಳ್ಳೆಯ ದಾರ ಇಲ್ಲೇ ತಯಾರಾಗೋದು ನಮಗೆ ಅನುಕೂಲವೇ. ಆದರೆ ಪೀಣ್ಯದಿಂದ ಹೊರದೇಶಕ್ಕೆ ಹೋಗುವಷ್ಟು ಸಲೀಸಾಗಿ ಶೃಂಗೇರಿ ತಾಲ್ಲೂಕಿಗೆ ಬರುತ್ತಾ ಅನ್ನೋ ಪ್ರಶ್ನೆಗೆ ಉತ್ತರ ಕಂಪನಿಯ ಕೈಲಿಲ್ಲ, ಕೊಳ್ಳುವ ಸರ್ಕಾರದ ಕೈಲಿದೆ.

ಸರ್ಕಾರ ಹೇಗೆ ಕೊಳ್ಳುತ್ತೆ? ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ ಟೆಂಡರ್ ಕರೆಯುತ್ತೆ, ನಿಗದಿತ ಅರ್ಹತೆ ಇದ್ದವರಲ್ಲಿ ಕಡಿಮೆ ದರ ಕೂಗಿದವರಿಗೆ ಸಿಗುತ್ತೆ. ಸಾರ್ವಜನಿಕ ಹಣಕ್ಕೆ ಇದು ಸರಿಯಾದ ನಿಯಮ ಅಂತ ಮೇಲ್ನೋಟಕ್ಕೆ ಕಾಣುತ್ತೆ. ಬರೀ ದರ ನೋಡಿ ಕೊಂಡರೆ ಏನಾಗಬಹುದು ಅನ್ನೋ ಭಯ ನಮಗೆ ಹೊಸದಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ತೀರಿಕೊಂಡರು. ಅನುಮಾನ ಡ್ರಿಪ್ ಬಾಟಲಿಯ ದ್ರಾವಣದ ಮೇಲೆ ಬಿತ್ತು, ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು. ಅದು ಸಾವಿನ ಪ್ರಶ್ನೆ, ಇದು ಬಸ್ ಚಾರ್ಜಿನ ಪ್ರಶ್ನೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡ್ತಿಲ್ಲ. ಆದರೆ ರೋಗಿಯ ಮೈಯೊಳಗೆ ಹೋಗುವ ವಸ್ತುವನ್ನು ಯಾರು, ಯಾವ ಲೆಕ್ಕದಲ್ಲಿ ಆರಿಸ್ತಾರೆ ಅನ್ನೋದನ್ನು ಸಾವಾದ ಮೇಲೆ ಮಾತ್ರ ಕೇಳಬೇಕು ಅಂತೇನಿಲ್ಲವಲ್ಲ.

ಲೆಕ್ಕ ಅಂದೆನಲ್ಲ, ಒಂದು ಮಾಡಿಯೇ ಬಿಡೋಣ. ಕರ್ನಾಟಕಕ್ಕೆ 2025–26ರ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ತೋಟದ ಕೂಲಿ ಇದಕ್ಕಿಂತ ಹೆಚ್ಚೇ ಇದೆ, ಆದರೂ ಸರ್ಕಾರವೇ ಒಪ್ಪಿದ ಕನಿಷ್ಠ ಅಂಕಿ ಇಟ್ಟುಕೊಳ್ಳೋಣ. ಬಾಣಂತಿ ಹೊಲಿಗೆ ಬಿಚ್ಚಿಸಲು ಒಬ್ಬಳೇ ಹೋಗಲ್ಲ. ಜೊತೆಗೆ ಗಂಡನೋ ತಾಯಿಯೋ ಇರಲೇಬೇಕು, ತೋಳಲ್ಲಿ ಹತ್ತು ದಿನದ ಮಗು. ಕಾಲಿಗೆ ಪೆಟ್ಟಾದ ಕೊನೆಗಾರನ ಜೊತೆಗೂ ಒಬ್ಬರು ಬೇಕು. ಇಬ್ಬರ ಕೂಲಿ 740. ಬಸ್ಸು, ಆಟೋ, ಮಧ್ಯಾಹ್ನದ ಊಟ ಸೇರಿಸಿಲ್ಲ. ಮೆಡಿಕಲ್ ಶಾಪಿನ ಚಿಲ್ಲರೆ ದರದಲ್ಲಿ ನೋಡಿದರೂ ಕರಗದ ದಾರದ ಪ್ಯಾಕೆಟ್ಟಿಗೂ ಕರಗುವ ದಾರದ ಪ್ಯಾಕೆಟ್ಟಿಗೂ ಇರುವ ಅಂತರ ನೂರುಗಳಲ್ಲಿ, ಸಾವಿರಗಳಲ್ಲಿ ಅಲ್ಲ. ಸಗಟು ಖರೀದಿಯಲ್ಲಿ ಇನ್ನೂ ಕಡಿಮೆ. ಹಾಗಿದ್ದರೆ ಟೆಂಡರ್ ಕಡತದಲ್ಲಿ ಉಳಿದ ಹಣ ಎಲ್ಲಿಂದ ಬಂತು? ಕಿಗ್ಗದ ಕೂಲಿಯವರ ಜೇಬಿಂದ. ಸರ್ಕಾರದ ಖರ್ಚು ಇಳಿದಿಲ್ಲ, ಜಾಗ ಬದಲಿಸಿದೆ ಅಷ್ಟೇ.

ಹೃದಯದ ಸ್ಟೆಂಟ್‌ಗೆ 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಬೆಲೆಮಿತಿ ಹಾಕಿತು, ಅದೇ ವರ್ಷ ಆಗಸ್ಟ್‌ನಲ್ಲಿ ಮಂಡಿಚಿಪ್ಪಿನ ಇಂಪ್ಲಾಂಟ್‌ಗೂ ಹಾಕಿತು. ದೊಡ್ಡ ಬಿಲ್ ಕಣ್ಣಿಗೆ ಬೀಳುತ್ತೆ, ಟಿವಿಯಲ್ಲಿ ಚರ್ಚೆ ಆಗುತ್ತೆ. ದಾರ ಕಾನೂನಿನ ದೃಷ್ಟಿಯಲ್ಲಿ ಉಳಿದೆಲ್ಲ ವೈದ್ಯಕೀಯ ಸಾಧನಗಳ ಹಾಗೆ 'ಔಷಧ'. ಅಂದರೆ ಗರಿಷ್ಠ ಬೆಲೆಯನ್ನು ವರ್ಷಕ್ಕೆ ಶೇಕಡಾ 10ಕ್ಕಿಂತ ಏರಿಸುವಂತಿಲ್ಲ, ಅಷ್ಟೇ. ಪ್ರತಿಯೊಂದು ಆಪರೇಷನ್ನಿನಲ್ಲೂ ಬೇಕಾಗುವ ವಸ್ತು, ಆದರೂ ರೋಗಿಗೆ ಅದರ ಹೆಸರೇ ಗೊತ್ತಿರಲ್ಲ.

ಬಸ್ಸಿನ ಮಾತು ಬಂದಿದ್ದರಿಂದ ಅದನ್ನೂ ಹೇಳಬೇಕು. ಕಿಗ್ಗದಿಂದ ಶೃಂಗೇರಿ ಸುಮಾರು 10 ಕಿಲೋಮೀಟರ್. ಬೆಂಗಳೂರಿನವರಿಗೆ ಇದೊಂದು ದೂರವೇ ಅಲ್ಲ. ಆದರೆ ಕಿಗ್ಗ ಅಂದರೆ ಬರೀ ದೇವಸ್ಥಾನದ ಪೇಟೆಯಲ್ಲ. ಅಲ್ಲಿಂದ ಒಳಗೆ, ಸಿರಿಮನೆ ಕಡೆಗೆ, ನರಸಿಂಹ ಪರ್ವತದ ಬುಡಕ್ಕೆ, ಒಂಟಿ ಮನೆಗಳು. ಅವರಿಗೆ ಕಿಗ್ಗಕ್ಕೆ ಬರೋದೇ ಒಂದು ಪ್ರಯಾಣ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಹಳ್ಳಿಗಳನ್ನು ಹೊರಜಗತ್ತಿಗೆ ಜೋಡಿಸಿದ್ದು ಕೊಪ್ಪದ ಸಹಕಾರ ಸಾರಿಗೆ. ಖಾಸಗಿ ಕಂಪನಿ ಬಾಗಿಲು ಹಾಕಿದಾಗ ಅದರ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ಸಂಸ್ಥೆ. ಕಾರ್ಮಿಕರೇ ಮಾಲೀಕರಾದ ಅಂಥ ಪ್ರಯೋಗ ದೇಶದಲ್ಲೇ ಅಪರೂಪ. 2020ರ ಫೆಬ್ರವರಿಯಲ್ಲಿ ಅದರ ಬಸ್ಸುಗಳು ನಿಂತವು. ಯಾವ ಸರ್ಕಾರವೂ ಅದನ್ನು ಉಳಿಸಿಕೊಳ್ಳಲಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಒಳ್ಳೆಯ ಯೋಜನೆ ಅಂತಲೇ ನನ್ನ ಅಭಿಪ್ರಾಯ. ಆದರೆ ಅದು ಸರ್ಕಾರಿ ಬಸ್ಸಿಗೆ ಮಾತ್ರ. ಖಾಸಗಿ ಬಸ್ಸನ್ನೇ ನಂಬಿಕೊಂಡ ಮಲೆನಾಡಿನ ಒಳರಸ್ತೆಗಳಲ್ಲಿ ಆಧಾರ್ ಕಾರ್ಡ್ ತೋರಿಸಿದರೆ ಕಂಡಕ್ಟರ್ ನಗ್ತಾನೆ. ದೊಡ್ಡ ಗಾಯವಾಗಿ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗಿ ಹೊಲಿಸಿಕೊಂಡು ಬಂದವರದ್ದು ಇನ್ನೊಂದು ಕಥೆ. ಬಿಚ್ಚಿಸೋಕೆ ಮತ್ತೆ ಅಲ್ಲಿಗೇ ಹೋಗಬೇಕು ಅಂತ ಅಂದುಕೊಂಡವರೂ ಇದ್ದಾರೆ, ಯಾಕಂದರೆ ಹತ್ತಿರದಲ್ಲೇ ಆಗುತ್ತೆ ಅಂತ ಅವರಿಗೆ ಯಾರೂ ಹೇಳಿರಲ್ಲ. ಶೃಂಗೇರಿಗೆ 100 ಹಾಸಿಗೆಯ ಆಸ್ಪತ್ರೆ ಬೇಕು ಅನ್ನೋ ಬೇಡಿಕೆಗೆ ಈಗ ಬಹಳ ವರ್ಷ. ಆದರೆ ಮಂತ್ರಿಗಳಿಗೆ ಕಿಗ್ಗದ ದಾರಿ ಗೊತ್ತಿಲ್ಲ ಅಂತ ಹೇಳುವಂತಿಲ್ಲ. 2019ರ ಜೂನ್‌ನಲ್ಲಿ ಅಂದಿನ ಜಲಸಂಪನ್ಮೂಲ ಸಚಿವ ಡಿ.ಕೆ. ಶಿವಕುಮಾರ್ ಇಲ್ಲಿನ ಋಷ್ಯಶೃಂಗ ದೇವಸ್ಥಾನಕ್ಕೆ ಬಂದು ಮಳೆಗಾಗಿ ಪೂಜೆ ಮಾಡಿಸಿದ್ದರು.

ಹಾಗಾದರೆ ಎಲ್ಲರಿಗೂ ಕರಗುವ ದಾರ ಹಾಕಿಬಿಡಿ ಅಂತ ಬೇಡಿಕೆ ಇಡಬೇಕಾ? ಇಲ್ಲ. ಇಲ್ಲಿ ಸ್ವಲ್ಪ ಎಚ್ಚರ ಬೇಕು.

ಹೊಲಿಗೆ ಬಿಚ್ಚುವ ಭೇಟಿ ಬರೀ ಕತ್ತರಿಯ ಕೆಲಸವಲ್ಲ. ಗಾಯವನ್ನು ತರಬೇತಾದ ಕಣ್ಣು ನೋಡುವ ಒಂದೇ ಅವಕಾಶ ಅದು. ಕೆಂಪಾಗಿದೆಯಾ, ಒಳಗೆ ಕೀವು ನಿಂತಿದೆಯಾ, ಸಕ್ಕರೆ ಕಾಯಿಲೆಯವರ ಅಂಚು ಕೂಡಿಕೊಂಡಿದೆಯಾ ಅಂತ ಅಲ್ಲೇ ಗೊತ್ತಾಗೋದು. ಕೊಳಕಾದ ಗಾಯಕ್ಕೆ, ಮಣ್ಣು ಹೊಕ್ಕ ಗಾಯಕ್ಕೆ ಹೆಣೆದ ಕರಗುವ ದಾರಕ್ಕಿಂತ ನುಣುಪಾದ ನೈಲಾನೇ ಮೇಲು. ಅಕಸ್ಮಾತ್ ಸೋಂಕಾದರೆ ಒಂದೆರಡು ಹೊಲಿಗೆ ಮಾತ್ರ ಬಿಚ್ಚಿ ಕೀವು ಹೊರಬಿಡಬಹುದು. ಕರಗುವ ದಾರ ಹಾಕಿ 'ಮತ್ತೆ ಬರೋದು ಬೇಡ' ಅಂತ ಕಳಿಸೋದು ಅನುಕೂಲವೂ ಹೌದು, ಕೈತೊಳೆದುಕೊಳ್ಳೋದೂ ಹೌದು. ಎರಡೂ ಒಂದೇ ವಾಕ್ಯದಲ್ಲಿ ಇರುತ್ತವೆ.

ಹೊರಗಿನ ಪ್ರಪಂಚ ದಾರವನ್ನೇ ಬಿಟ್ಟು ಮುಂದೆ ಹೋಗ್ತಿದೆ. ಅಮೆರಿಕದ ಎಂಐಟಿಯ ಶುವಾನ್‌ಹೆ ಝಾವೊ ಅವರ ತಂಡ 2020ರಲ್ಲಿ ಒಂದು ಜೈವಿಕ ಅಂಟಿನ ಬಗ್ಗೆ ಬರೆಯಿತು. ಒದ್ದೆಯಾದ ಅಂಗಾಂಶಕ್ಕೆ ಕ್ಷಣಗಳಲ್ಲಿ ಭದ್ರವಾಗಿ ಅಂಟುತ್ತೆ. ಬೇಡವಾದಾಗ ಗ್ಲುಟಾಥಿಯೋನ್ ಮತ್ತು ಸೋಡಿಯಂ ಬೈಕಾರ್ಬೊನೇಟ್ ಬೆರೆಸಿದ ದ್ರಾವಣ ಹಾಕಿದರೆ ಕೆಲವೇ ನಿಮಿಷಕ್ಕೆ ನೋವಿಲ್ಲದೆ ಬಿಟ್ಟುಕೊಳ್ಳುತ್ತೆ. ಸೋಡಿಯಂ ಬೈಕಾರ್ಬೊನೇಟ್ ಅಂದರೆ ನಮ್ಮ ಅಡುಗೆ ಸೋಡಾ. ಓದುವಾಗ ಖುಷಿಯಾಗುತ್ತೆ. ಆದರೆ ಆ ತಂತ್ರಜ್ಞಾನ ನಮ್ಮ ಟೆಂಡರ್ ಪಟ್ಟಿಗೆ ಬರೋ ಹೊತ್ತಿಗೆ ಇವತ್ತಿನ ಬಾಣಂತಿಯ ಮಗು ಕಾಲೇಜಿಗೆ ಹೋಗ್ತಿರುತ್ತೆ. ಆಗಲೂ ಆ ದ್ರಾವಣದ ಬಾಟಲಿ ಯಾವ ಊರಿನ ಫ್ರಿಜ್ಜಿನಲ್ಲಿ ಇರುತ್ತೆ ಅನ್ನೋ ಪ್ರಶ್ನೆ ಹಾಗೇ ಇರುತ್ತೆ.

ದಾರದಲ್ಲಿ ಸಿಗದ ಸುಲಭ ಬಿಡುಗಡೆಯನ್ನು ವ್ಯವಸ್ಥೆಯಲ್ಲಿ ಕೊಡಬಹುದು. ಹೊಲಿಗೆ ಬಿಚ್ಚೋಕೆ ಸರ್ಜನ್ ಬೇಡ. ಒಂದು ಚಿಮುಟ, ಒಂದು ಸ್ವಚ್ಛ ಬ್ಲೇಡು, ತರಬೇತಾದ ನರ್ಸ್ ಸಾಕು. ಹಳ್ಳಿಯ ಉಪಕೇಂದ್ರಗಳಿಗೆ ಈಗ ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಹೊಸ ಬೋರ್ಡು ಬಂದಿದೆ, ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಅನ್ನೋ ಹುದ್ದೆಯೂ ಇದೆ. ಆ ಹುದ್ದೆಗೆ ಬರುವವರು ಬಹುತೇಕ ನರ್ಸಿಂಗ್ ಪದವೀಧರರು. ಬೋರ್ಡಿನ ಬಣ್ಣಕ್ಕೆ ಖರ್ಚು ಮಾಡಿದ್ದರಲ್ಲಿ ಸ್ವಲ್ಪವನ್ನು ಸ್ಟೆರೈಲ್ ಕಿಟ್‌ಗೆ ಇಟ್ಟರೆ ಗಾಯ ನೋಡುವ ಕೆಲಸವೂ ಆಯ್ತು, ಹೊಲಿಗೆ ಬಿಚ್ಚುವ ಕೆಲಸವೂ ಆಯ್ತು.

ಆಶಾ ಕಾರ್ಯಕರ್ತೆಯರು ಹೆರಿಗೆಯಾದ ಮನೆಗೆ 3, 7, 14, 21, 28, 42ನೇ ದಿನ ಹೋಗಲೇಬೇಕು ಅಂತ ನಿಯಮ ಇದೆ. ಏಳನೇ ದಿನ, ಹದಿನಾಲ್ಕನೇ ದಿನ. ಹೊಲಿಗೆಯ ಗಡುವು ಇವೆರಡರ ನಡುವೆಯೇ ಬರುತ್ತೆ. ಗಾಯ ನೋಡಿ ಉಪಕೇಂದ್ರಕ್ಕೆ ಸುದ್ದಿ ಕೊಡುವ ಕೆಲಸ ಅವರಿಂದ ಆಗುತ್ತೆ. ಆದರೆ ಇದನ್ನು ಬರೆಯುವಾಗಲೇ ನನಗೆ ಅಳುಕು. ಏನೇ ಹೊಸ ಕೆಲಸ ಹುಟ್ಟಿದರೂ ಆಶಾಗಳ ಹೆಗಲಿಗೆ ಹಾಕೋದು ನಮ್ಮ ರೂಢಿ. ತಿಂಗಳಿಗೆ ಖಾತ್ರಿಯಾದ ಗೌರವಧನ ಕೊಡಿ ಅಂತ ಕೇಳಲು ಅವರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕೂರಬೇಕಾಯಿತು. ಕೆಲಸ ಹೆಚ್ಚಿಸುವ ಆದೇಶದ ಜೊತೆಗೇ ಅದರ ದುಡ್ಡಿನ ಆದೇಶವೂ ಬರಬೇಕು, ಇಲ್ಲದಿದ್ದರೆ ಕಿಗ್ಗದ ಕೂಲಿಯವರ ಹೊರೆಯನ್ನು ಕಿಗ್ಗದ ಆಶಾ ಮೇಲೆ ಹಾಕಿದಂತಾಗುತ್ತೆ.

ದಾರದ ಖರೀದಿಯಲ್ಲೂ ಒಂದು ಬದಲಾವಣೆ ಸಾಧ್ಯ. ಪ್ಯಾಕೆಟ್ ದರದ ಜೊತೆಗೆ, ಆ ದಾರ ಬಿಚ್ಚಿಸಲು ರೋಗಿ ಮತ್ತೆ ಬರಬೇಕಾ ಅನ್ನೋದನ್ನೂ ಸೇರಿಸಿ ಹೋಲಿಸಿ. ದೂರದ ತಾಲ್ಲೂಕುಗಳ ಹೆರಿಗೆ ವಿಭಾಗಕ್ಕೆ ಚರ್ಮದೊಳಗೆ ಹೊಲಿಯುವ ಕರಗುವ ದಾರ ಖಾಲಿಯಾಗದಂತೆ ನೋಡಿಕೊಳ್ಳಿ. ಇದಕ್ಕೆ ಹೊಸ ಯೋಜನೆ ಬೇಡ, ಮುಖ್ಯಮಂತ್ರಿಗಳ ಫೋಟೊ ಬೇಡ. ಇಂಡೆಂಟ್ ಫಾರ್ಮಿನಲ್ಲಿ ಒಂದು ಕಾಲಂ ಸಾಕು.

ಇದ್ಯಾವುದೂ ನಾಳೆಯೇ ಆಗಲ್ಲ ಅಂದುಕೊಂಡರೂ ನಾಳೆಯಿಂದಲೇ ಆಗಬಹುದಾದ್ದು ಒಂದಿದೆ. ನಿಮ್ಮ ಮನೆಯಲ್ಲಿರುವ ಯಾವುದಾದರೂ ಡಿಸ್ಚಾರ್ಜ್ ಚೀಟಿ ತೆಗೆದು ನೋಡಿ. ಇಂಗ್ಲಿಷಿನಲ್ಲಿ, ಓದಲಾಗದ ಕೈಬರಹದಲ್ಲಿ ಮಾತ್ರೆಗಳ ಹೆಸರಿರುತ್ತೆ, ಕೊನೆಗೆ 'ಮತ್ತೆ ಬನ್ನಿ' ಅಂತ ಒಂದು ತಾರೀಕು. ಯಾಕೆ ಬರಬೇಕು, ಬರದಿದ್ದರೆ ಏನಾಗುತ್ತೆ, ಬೇರೆ ಎಲ್ಲಿ ಹೋದರೂ ನಡೆಯುತ್ತೆ ಅಂತ ಇರಲ್ಲ. ಅದರಲ್ಲಿ ಕನ್ನಡದಲ್ಲಿ ನಾಲ್ಕು ಸಾಲು ಅಚ್ಚು ಹಾಕಿಸಬೇಕು: ಹಾಕಿದ ದಾರ ಕರಗುವಂಥದ್ದಾ, ಅಲ್ಲವಾ. ಎಷ್ಟು ಹೊಲಿಗೆ. ಯಾವ ದಿನದಿಂದ ಯಾವ ದಿನದೊಳಗೆ ಬಿಚ್ಚಿಸಬೇಕು. ನಿಮ್ಮ ಊರಿಗೆ ಹತ್ತಿರದ ಯಾವ ಆರೋಗ್ಯ ಕೇಂದ್ರದಲ್ಲಿ ಬಿಚ್ಚಿಸಬಹುದು. ಮೂರನೇ ಸಾಲಿನ ಉತ್ತರ ಡಾಕ್ಟರಿಗೆ ಗೊತ್ತು. ನಾಲ್ಕನೇ ಸಾಲಿನ ಉತ್ತರ ಜಿಲ್ಲಾ ಆರೋಗ್ಯಾಧಿಕಾರಿ ಕೊಡಬೇಕು, ಕೇಂದ್ರವಾರು ಪಟ್ಟಿ ಸಮೇತ. ಚಿಕ್ಕಮಗಳೂರು ಜಿಲ್ಲೆಯಲ್ಲಿ ಅಂಥದೊಂದು ಪಟ್ಟಿ ಇದೆಯಾ ಅಂತ ಮಾಹಿತಿ ಹಕ್ಕಿನಲ್ಲಿ ಕೇಳೋಕೆ ಹತ್ತು ರೂಪಾಯಿ ಶುಲ್ಕ, ಶೃಂಗೇರಿ ಕೊಪ್ಪ ಕಡೆಯ ಓದುಗರು ಯಾರಾದರೂ ಈ ವಾರವೇ ಅರ್ಜಿ ಹಾಕಬಹುದು.